ಎತ್ತಿ ಕುಡಿದ ನೀರು

ತಿದ್ದುವ ಕೈಗೆ ಸ್ತೋತ್ರ. ಮುದುಕನಾದ ಮೇಲೂ ನನ್ನನ್ನು ಕೈಬಿಡದೆ, ಒಬ್ಬ ಬಡ ಹೆಂಗಸಿನ ಬಾಯಿಂದ ನನಗೆ ಬುದ್ಧಿ ಹೇಳಿಸಿದ ದೇವರಿಗೆ ಸ್ತೋತ್ರ. ಆ ಬುದ್ಧಿಯನ್ನು ನಾನು ತಳ್ಳಿಹಾಕಿದ ದಿನಗಳಲ್ಲಿಯೂ ಬೆಳಗಿನ ಬೆಳಕನ್ನು, ಮಧ್ಯಾಹ್ನದ ಅನ್ನವನ್ನು ನಿಲ್ಲಿಸದೆ ಕೊಟ್ಟ ಆತನ ಸಹನೆಗೆ ಸ್ತೋತ್ರ. ಇಷ್ಟನ್ನು ಮೊದಲು ಹೇಳದೆ ಮುಂದಿನದನ್ನು ಬರೆದರೆ, ತಪ್ಪೊಪ್ಪಿಗೆಯಾಗಬೇಕಾದದ್ದು ಬರಿಯ ಕಥೆಯಾದೀತು.

ಚಿಕ್ಕಬಳ್ಳಾಪುರದ ನಮ್ಮ ಸಭೆ ಚಿಕ್ಕದು. ಊರಿನಲ್ಲಿ ಒಂದಷ್ಟು ಮನೆಗಳು. ಉಳಿದವರು ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಪೆರೇಸಂದ್ರಗಳಲ್ಲಿ ಚದುರಿದವರು. ತಿಂಗಳ ಮೊದಲನೆಯ ಭಾನುವಾರ ಕರ್ತನ ಭೋಜನ; ಕ್ರಿಸ್ತನ ನೆನಪಿಗೆ ರೊಟ್ಟಿಯನ್ನೂ ಒಂದೇ ಬಟ್ಟಲಿನ ದ್ರಾಕ್ಷಾರಸವನ್ನೂ ಎಲ್ಲರೂ ಹಂಚಿಕೊಳ್ಳುವುದು. ಅದರ ಹಿಂದಿನ ಶನಿವಾರ ಸಭೆಯ ಹಿರಿಯರು ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ ಕುಳಿತು, “ನಮ್ಮಲ್ಲಿ ತಪ್ಪೇನಾದರೂ ಕಂಡಿದ್ದರೆ ಹೇಳಿ, ನಾಳೆ ಒಂದೇ ಮೇಜಿಗೆ ಬರುವವರು ನಾವು” ಎಂದು ಕೇಳಬೇಕು. ಏಳುವ ಮುನ್ನ ಆ ಮನೆಯ ನೀರು ಕುಡಿದು ಬರಬೇಕು. ನಮ್ಮ ಹಿರಿಯರು ಇಟ್ಟ ಪದ್ಧತಿ ಇದು. ಜನ ಇದನ್ನು ‘ಮಾತು ಕೇಳೋ ಶನಿವಾರ’ ಎನ್ನುತ್ತಾರೆ.

ಮೂವತ್ತು ವರ್ಷ ಸಭೆಯ ಹಿರಿಯನಾಗಿ ನಾನು ಆ ಪ್ರಶ್ನೆಯನ್ನು ಕೇಳಿದೆ. ಬಂದ ಉತ್ತರಗಳು ಬಹುಮಟ್ಟಿಗೆ ಒಂದೇ. ಪ್ರಸಂಗ ಉದ್ದವಾಯಿತು, ಬಲಗಡೆಯ ಫ್ಯಾನು ತಿರುಗುವುದಿಲ್ಲ, “ನಿಮ್ಮಲ್ಲಿ ಏನ್ ತಪ್ಪು ಮೇಷ್ಟ್ರೇ, ಕಾಫಿ ಕುಡೀರಿ.” ನಾನು ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದು ನಿವೃತ್ತನಾದವನು. ಭಾನುವಾರದ ಪಾಠಗಳಲ್ಲಿ ಜ್ಞಾನಿಗೂ ಮೂಢನಿಗೂ ಇರುವ ಭೇದವನ್ನು ವಿಸ್ತಾರವಾಗಿ ಹೇಳುತ್ತಿದ್ದೆ: ಗದರಿಸಿದರೆ ಜ್ಞಾನಿ ಹತ್ತಿರ ಬರುತ್ತಾನೆ, ಮೂಢ ಮುಖ ತಿರುಗಿಸುತ್ತಾನೆ ಎಂದು. ಆ ಎರಡರಲ್ಲಿ ನಾನು ಯಾವ ಪಂಕ್ತಿಯವನು ಎಂಬ ಸಂಶಯ ನನಗೆ ಒಮ್ಮೆಯೂ ಬಂದಿರಲಿಲ್ಲ.

ನನ್ನ ಜೊತೆ ಬರುತ್ತಿದ್ದವನು ನನ್ನ ಬಾಲ್ಯದ ಗೆಳೆಯ. ತೊಂಡೇಬಾವಿಯ ಕಡೆ ರೈಲು ಹಳಿಯ ಗ್ಯಾಂಗಿನಲ್ಲಿ ಕೆಲಸ ಮಾಡಿದವನು. ಹಳಿಯ ಗುಣವನ್ನು ಸುತ್ತಿಗೆಯ ಸದ್ದಿನಿಂದ ಹೇಳಬಲ್ಲ. ಓದು ಕಡಿಮೆ. ನನ್ನನ್ನು ‘ಪಂಡಿತ’ ಎಂದೇ ಕರೆಯುತ್ತಾನೆ. ಅದರಲ್ಲಿ ಗೌರವ ಎಷ್ಟು, ಕೀಟಲೆ ಎಷ್ಟು ಎಂಬುದನ್ನು ನಾನು ಇಂದಿಗೂ ಬಿಡಿಸಿ ನೋಡಿಲ್ಲ.

ಶಿಡ್ಲಘಟ್ಟದಲ್ಲಿ ನಾವು ಹೋಗುತ್ತಿದ್ದ ಮನೆಗಳಲ್ಲಿ ಒಂದು, ರೇಷ್ಮೆ ಬಿಚ್ಚುವ ಶೆಡ್ಡುಗಳ ಹಿಂದಿನ ಓಣಿಯ ಒಂದು ಕೋಣೆಯ ಮನೆ. ಆಕೆ ವಿಧವೆ. ಒಬ್ಬಳೇ ಮಗಳು, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ಆಕೆ ಒಬ್ಬ ಸಾಹೇಬರ ಶೆಡ್ಡಿನಲ್ಲಿ ಕುದಿಯುವ ನೀರಿನ ತೊಟ್ಟಿಯ ಮುಂದೆ ಕುಳಿತು ಗೂಡಿನಿಂದ ಎಳೆ ತೆಗೆಯುತ್ತಿದ್ದಳು. ಬೆರಳ ತುದಿಗಳು ಬೆಂದು ಬಿಳಿಚಿ ಸುಕ್ಕುಗಟ್ಟಿದ್ದವು. ಬೆಂದ ಹುಳುವಿನ ವಾಸನೆ ಎಷ್ಟು ತೊಳೆದರೂ ಸೀರೆಯನ್ನು ಬಿಟ್ಟುಹೋಗುತ್ತಿರಲಿಲ್ಲ. ಮಾತು ನೇರ. ಆಕೆಯ ಹಿರಿಯರು ಊರಾಚೆಯ ಕೇರಿಯವರು. ನನ್ನ ತಾತ ನಗರಗೆರೆಯ ಕಡೆ ಹೊಲ ತೋಟ ಇದ್ದ ಮನೆತನದವರು. ಕ್ರಿಸ್ತನಿಗಾಗಿ ತಾತ ಹೊಲ ಬಿಟ್ಟರು, ನೆಂಟರನ್ನು ಬಿಟ್ಟರು, ಊರನ್ನೇ ಬಿಟ್ಟರು. ಕಂಡವರ ಮನೆಯಲ್ಲಿ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದನ್ನು ಮಾತ್ರ ಬಿಡಲಿಲ್ಲ. ಅದು ಅಪ್ಪನಿಗೆ ಬಂತು, ಅಪ್ಪನಿಂದ ನನಗೆ ಬಂತು. ಅದನ್ನು ನಾನು ಶುಚಿಯೆಂದು ತಿಳಿದಿದ್ದೆ.

ಸಾಂಕ್ರಾಮಿಕದ ವರ್ಷಗಳಲ್ಲಿ ನಮ್ಮ ಸಭೆಯ ಒಂದೇ ಬಟ್ಟಲನ್ನು ಬೀರುವಿನಲ್ಲಿಟ್ಟು, ದ್ರಾಕ್ಷಾರಸವನ್ನು ಚಿಕ್ಕ ಚಿಕ್ಕ ಲೋಟಗಳಲ್ಲಿ ಕೊಡತೊಡಗಿದೆವು. ಕಾಯಿಲೆ ಇಳಿಯಿತು. ಮತ್ತೆ ಬಟ್ಟಲನ್ನು ತರೋಣವೇ ಎಂದು ಕಮಿಟಿಯಲ್ಲಿ ಕೇಳಿದಾಗ, ಚಿಕ್ಕ ಲೋಟಗಳೇ ಇರಲಿ ಎಂದು ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವನು ನಾನು. ಆರೋಗ್ಯ, ವಿವೇಕ, ಕಾಲಧರ್ಮ ಎಂದೆಲ್ಲ ಹೇಳಿದೆ. ಎಲ್ಲರೂ ಒಪ್ಪಿದರು.

ಅದಾದ ಮೇಲಿನ ಶನಿವಾರ ನಾವಿಬ್ಬರೂ ಆಕೆಯ ಮನೆಯಲ್ಲಿ ಕುಳಿತಿದ್ದೆವು. ಪದ್ಧತಿಯ ಪ್ರಶ್ನೆಯನ್ನು ಗೆಳೆಯ ಕೇಳಿದ.

“ಇದೆ ಅಣ್ಣ,” ಎಂದಳು ಆಕೆ. “ಹೇಳಿದ್ರೆ ಕೇಳ್ಕೊಂತೀರಾ?”

“ಕೇಳೋಕೆ ತಾನೇ ರೈಲು ಹತ್ತಿ ಬಂದಿರೋದು.”

“ಹಂಗಾದ್ರೆ ಮೊದ್ಲು ನಿಮ್ದೇ. ಎಷ್ಟು ವರ್ಷದಿಂದ ಬರ್ತಿದೀರ, ಒಂದು ದಿನ ಈ ಮನೇಲಿ ತುತ್ತು ಬಾಯಿಗಿಡ್ಲಿಲ್ಲ. ಕೇಳ್ದಾಗೆಲ್ಲ ‘ಈಗ್ತಾನೆ ಆಯ್ತಮ್ಮ’ ಅಂತೀರ. ಯಾವಾಗ್ ಬಂದ್ರೂ ಈಗ್ತಾನೆ ಆಗಿರೋಕೆ ನಿಮ್ಗೇನು ಎರಡು ಹೊಟ್ಟೆ ಇದಾವಾ?”

ಗೆಳೆಯ ಕಿವಿ ಕೆರೆದುಕೊಂಡ. ಮುಖ ಕೆಂಪಾಯಿತು. “ಇಲ್ಲಮ್ಮ, ಒಂದೇ. ಅದೂ ಈಗ ಖಾಲಿ ಇದೆ. ಏನ್ ಮಾಡಿದೀಯ ಇವತ್ತು?”

“ಮುದ್ದೆ, ಉಪ್ಸಾರು.”

“ಇಕ್ಕು.”

ಅಷ್ಟೇ. ಸಮರ್ಥನೆ ಇಲ್ಲ, ಕ್ಷಮಾಪಣೆಯ ಭಾಷಣವೂ ಇಲ್ಲ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ಮುದ್ದೆ ಮುರಿದು, “ಖಾರ ಜಾಸ್ತಿ ಆಯ್ತು ಕಣಮ್ಮ” ಎಂದು ತಾನೂ ಒಂದು ತಪ್ಪು ಹುಡುಕಿ ಹೇಳಿದ. ಆಕೆ ನಕ್ಕಳು. ನನಗೆ ಊಟ ಬೇಡವೆಂದೆ. ಆಕೆ ಸ್ಟೀಲಿನ ಲೋಟದಲ್ಲಿ ನೀರು ತಂದುಕೊಟ್ಟಳು. ನಾನು ಎಂದಿನಂತೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಲೋಟ ಎತ್ತಿ, ಗಂಟಲಿಗೆ ಸುರಿದುಕೊಂಡೆ.

“ಅದೇ ಮೇಷ್ಟ್ರೇ,” ಎಂದಳು. “ನಿಮ್ಗೆ ಹೇಳ್ಬೇಕು ಅಂದಿದ್ದು ಅದೇ.”

“ಯಾವುದಮ್ಮ?”

“ನಮ್ ಮನೇಲಿ ನೀವು ಎತ್ತಿ ಕುಡೀತೀರ.”

“ಅದು ಶುಚಿತ್ವದ ಅಭ್ಯಾಸ. ಚಿಕ್ಕಂದಿನಿಂದ ಬಂದದ್ದು.”

“ಪೆರೇಸಂದ್ರದ ದ್ರಾಕ್ಷಿ ತೋಟದ ಮನೇಲಿ ಶುಚಿ ಬೇಡ್ವಾ? ಅಲ್ಲಿ ಕಚ್ಚಿ ಕುಡಿದ್ರಿ. ಪ್ರಾರ್ಥನೆಗೆ ಬಂದು ನಾನೂ ಅಲ್ಲೇ ಕೂತಿದ್ನಲ್ಲ.”

“ಅದು ಕಾಫಿ. ಬಿಸಿ ಇರುವುದನ್ನು ಎತ್ತಿ ಕುಡಿಯೋಕಾಗಲ್ಲ.”

“ನಾನೂ ಒಂದ್ಸಲ ಕಾಫಿ ಕೊಟ್ಟಿದ್ದೆ. ಕಾಫಿ ಬಿಟ್ಟಿದೀನಿ ಅಂದ್ರಿ.”

ಗೆಳೆಯನ ಕೈ ತಟ್ಟೆಯ ಮೇಲೆ ನಿಂತಿತು. ಅವನು ನನ್ನ ಕಡೆ ನೋಡಲಿಲ್ಲ. ಆಕೆಯ ದನಿಯಲ್ಲಿ ಏರಿಕೆಯೂ ಇರಲಿಲ್ಲ. ಎಳೆ ಕಡಿದುಹೋದ ಕಡೆ ಗಂಟು ಹಾಕುವವರ ನಿಧಾನ ಇತ್ತು.

“ಕಾಯಿಲೆ ಬರೋಕೆ ಮುಂಚೇನೂ ಭಾನುವಾರ ಬಟ್ಟಲು ಮೊದಲು ನಿಮ್ಗೇ ಬರ್ತಿತ್ತು, ಕೊನೇ ಬೆಂಚಿಗೆ ಕೊನೇಲಿ. ಹಿರಿಯರು ಅಂತ ಸುಮ್ಕಿದ್ದೆ. ಈಗ ಆ ಬಟ್ಟಲೂ ಬೀರು ಸೇರ್ತು. ಕಾಯಿಲೆಗಲ್ಲ ಮೇಷ್ಟ್ರೇ. ನಿಮ್ಮ ಅಭ್ಯಾಸಕ್ಕೆ ಸಭೆಯೆಲ್ಲ ಬಂತು, ಅಷ್ಟೇ.”

ನಾನು ಎದ್ದು ನಿಂತೆ. “ಎಲ್ಲದರಲ್ಲೂ ಹಾಗೆ ಅರ್ಥ ಹುಡುಕಬಾರದಮ್ಮ” ಎಂದು ಹೇಳಿ, ಪ್ರಾರ್ಥನೆಯನ್ನೂ ಮಾಡದೆ ಹೊರಗೆ ಬಂದು ಚಪ್ಪಲಿ ಮೆಟ್ಟಿದೆ. ಗೆಳೆಯ ಊಟ ಮುಗಿಸಿ ಕೈ ತೊಳೆದು ಬರುವವರೆಗೆ ಓಣಿಯಲ್ಲಿ ಬಿಸಿಲಿಗೆ ನಿಂತಿದ್ದೆ. ಆಕೆ ಹೇಳಿದ್ದು ನಿಜವೇ ಎಂದು ಆ ಹೊತ್ತಿನಲ್ಲಿ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಯೋಚಿಸಿದ್ದು, ಗೆಳೆಯನ ಎದುರಿಗೇ ಹೇಳಿದಳಲ್ಲ ಎಂದು.

ಆ ಭಾನುವಾರ ಆಕೆ ಆರಾಧನೆಗೆ ಬರಲಿಲ್ಲ; ಶೆಡ್ಡಿನಲ್ಲಿ ಕೆಲಸವಿತ್ತಂತೆ. ಬುಧವಾರ ಸಂಜೆಯ ಕೂಟಕ್ಕೆ ಬಂದಳು. ಅಂದಿನ ಪಾಠ ನನ್ನದು. ಸಭೆಯಲ್ಲಿ ಇರಬೇಕಾದ ಕ್ರಮ, ಹಿರಿಯರಿಗೆ ಸಲ್ಲಬೇಕಾದ ಮರ್ಯಾದೆ, ನಾಲಿಗೆಯ ಹತೋಟಿ ಎಂದು ಒಂದು ಗಂಟೆ ಮಾತಾಡಿದೆ. ಯಾರ ಹೆಸರನ್ನೂ ಎತ್ತಲಿಲ್ಲ. ಎತ್ತದೆಯೇ ಎಲ್ಲರ ತಲೆಗಳೂ ಕೊನೆಯ ಬೆಂಚಿನ ಕಡೆ ತಿರುಗುವಂತೆ ಮಾತಾಡಿದೆ. ನನ್ನ ಭಾಷೆ ಅಂದು ಬಹಳ ಚೆನ್ನಾಗಿತ್ತು. ಕೂಟ ಮುಗಿದ ಮೇಲೆ ಇಬ್ಬರು ಮೂವರು ಬಂದು ಹಾಗೆಂದು ಹೇಳಿಯೂ ಹೇಳಿದರು.

ಮುಂದಿನ ಕರ್ತನ ಭೋಜನದ ದಿನ ಗೆಳೆಯ ಲೋಟಗಳ ತಟ್ಟೆ ಹಿಡಿದು ಕೊನೆಯ ಬೆಂಚಿಗೆ ಹೋದಾಗ ಆಕೆ ಕೈ ಚಾಚಲಿಲ್ಲ. “ಬೇಡ ಅಣ್ಣ” ಎಂದದ್ದು ಮೇಜಿನ ಬಳಿಯಿದ್ದ ನನಗೂ ಕೇಳಿಸಿತು. ಆರಾಧನೆ ಮುಗಿದ ಮೇಲೆ ಬಾಗಿಲ ಹೊರಗೆ ಆಕೆಯೇ ನನ್ನ ಬಳಿಗೆ ಬಂದಳು.

“ಸಿಟ್ಟು ಅಂದ್ಕೋಬೇಡಿ ಮೇಷ್ಟ್ರೇ. ನನ್ನ ಮನೆ ಲೋಟ ನಿಮ್ಮ ತುಟಿಗೆ ಆಗ್ದಿದ್ರೆ, ನಾವೆಲ್ಲ ಒಂದೇ ಅಂತ ಸುಳ್ಳು ಹೇಳ್ಕೊಂಡು ನಾನು ಇದನ್ನ ತಗೊಳೋಕಾಗಲ್ಲ. ಬಟ್ಟಲು ತರ್ತೀರೋ ಬಿಡ್ತೀರೋ ಆಮೇಲಿನ ಮಾತು. ನೀವು ಬಂದು ಒಂದ್ಸಲ ಕಚ್ಚಿ ಕುಡೀರಿ. ಮಾರನೇ ದಿನ ನಾನು ಮೇಜಿಗೆ ಬರ್ತೀನಿ.”

ನಾನು “ನೋಡೋಣಮ್ಮ” ಎಂದೆ. ಶಿಡ್ಲಘಟ್ಟದ ಮನೆಗಳನ್ನು ಬೇರೆ ಹಿರಿಯರಿಗೆ ಒಪ್ಪಿಸಿ, ಗೌರಿಬಿದನೂರಿನ ಮನೆಗಳನ್ನು ನಾನು ತೆಗೆದುಕೊಂಡೆ.

ಆಕೆ ಆರಾಧನೆಯನ್ನು ಬಿಡಲಿಲ್ಲ. ಹಾಡುವಾಗ ಆಕೆಯ ದನಿ ಕೇಳುತ್ತಿತ್ತು. ತಟ್ಟೆ ಬಂದಾಗ ಮಾತ್ರ ಕೈ ಮಡಿಲಲ್ಲಿರುತ್ತಿತ್ತು. ದ್ರಾಕ್ಷಾರಸ ಕಾಯಿಸುತ್ತಿದ್ದವಳು ನನ್ನ ಹೆಂಡತಿ. ಕಪ್ಪು ದ್ರಾಕ್ಷಿಯನ್ನು ಹಿಸುಕಿ ಸೋಸಿ, ಮನೆಗಳನ್ನು ಎಣಿಸಿಕೊಂಡು ಅಳತೆಯಾಗಿ ಮಾಡುತ್ತಿದ್ದಳು. ಪ್ರತಿ ತಿಂಗಳೂ ಒಂದು ಲೋಟ ತುಂಬಿದಂತೆಯೇ ಹಿಂದಕ್ಕೆ ಬರುತ್ತಿತ್ತು. ಉಳಿದದ್ದನ್ನು ಚರ್ಚಿನ ಹಿಂದಿನ ಬೇವಿನ ಮರದ ಬುಡಕ್ಕೆ ಸುರಿಯುವುದು ನಮ್ಮಲ್ಲಿ ವಾಡಿಕೆ, ಅದು ನನ್ನ ಕೆಲಸ. “ಈ ತಿಂಗಳೂ ಒಂದು ಉಳೀತಾ?” ಎಂದು ಹೆಂಡತಿ ಕೇಳುವಳು. ನಾನು ತಲೆಯಾಡಿಸುವೆ. “ಅವ್ರ ಪಾಲು ಮಾಡೋದನ್ನ ನಿಲ್ಸಲ್ಲ ನಾನು” ಎಂದು ಒಮ್ಮೆ ಹೇಳಿದಳು. ಒಂದು ವರ್ಷ ಕಳೆದು ಇನ್ನೂ ಎರಡು ತಿಂಗಳು ಆ ಲೋಟವನ್ನು ನಾನು ಮಣ್ಣಿಗೆ ಸುರಿದೆ.

ಗೆಳೆಯ ಮಾತ್ರ ಶಿಡ್ಲಘಟ್ಟವನ್ನು ಬಿಟ್ಟುಕೊಡಲಿಲ್ಲ. ಆಕೆಯ ಮನೆಯಲ್ಲಿ ಉಂಡುಬಂದು ಉಪ್ಸಾರಿನ ಖಾರದ ಸಮಾಚಾರವನ್ನು ನನಗೆ ಬೇಕೆಂದೇ ಹೇಳುತ್ತಿದ್ದ. ಬರುಬರುತ್ತ ಸಮಾಚಾರ ಬದಲಾಯಿತು. ಕೆಮ್ಮು. ಏದುಸಿರು. ಚಿಂತಾಮಣಿಯ ಡಾಕ್ಟರು ಶ್ವಾಸಕೋಶ ಪೂರ್ತಿ ಕೆಟ್ಟಿದೆ ಎಂದರಂತೆ. ಶೆಡ್ಡಿಗೆ ಹೋಗುವುದು ನಿಂತಿತು. ಆರಾಧನೆಗೆ ಬರುವುದೂ ನಿಂತಿತು.

“ಏಮಯ್ಯಾ ಪಂಡಿತಾ,” ಎಂದ ಒಂದು ದಿನ, ನಮ್ಮ ಜಗುಲಿಯಲ್ಲಿ ಕುಳಿತು. ಬೇಸರವಾದಾಗ ಅವನಿಗೆ ತೆಲುಗು ಬರುತ್ತದೆ. “ಗ್ಯಾಂಗಲ್ಲಿ ನಾನು ಬಿಗಿದ ಬೋಲ್ಟನ್ನ ಮೇಸ್ತ್ರಿ ಒಂದಿನ ಎಲ್ಲರ ಮುಂದೆ ಸಡಿಲ ಇದೆ ಅಂದ. ನಂಗೂ ಉರೀತು. ಆದ್ರೆ ರೈಲು ಬರೋ ಟೈಮು. ಉರ್ಕೊಂತಾನೇ ಹೋಗಿ ಬಿಗ್ದೆ. ನಿಂಗೂ ಉರೀಲಿ, ಯಾರು ಬೇಡ ಅಂದ್ರು? ಉರ್ಕೊಂತಾನೇ ಹೋಗಿ ಕುಡ್ದು ಬಾ.”

ನನ್ನೊಳಗೆ ಏನೋ ಮುರಿದದ್ದು ಆಗ. ಆಕೆ ಹೇಳಿದ್ದು ನಿಜವೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅಷ್ಟು ಚೆನ್ನಾಗಿ ಪಾಠ ಹೇಳಿದ್ದೆ. “ಹೋಗೋಣ” ಎಂದೆ.

ಆದರೆ ಓದಿದವನ ಮೂಢತನ ಒಂದೇ ಸಲಕ್ಕೆ ಹೋಗುವುದಿಲ್ಲ. ಸುಮ್ಮನೆ ಹೋಗಿ ನೀರು ಕುಡಿದು ಬರುವುದು ನನಗೆ ಸಾಲದಾಯಿತು. ಎಲ್ಲರೆದುರು ನೋಯಿಸಿದ್ದೇನೆ, ಎಲ್ಲರೂ ಅರಿಯುವಂತೆಯೇ ಸರಿಪಡಿಸಬೇಕು ಎಂದುಕೊಂಡೆ. ಬಟ್ಟಲನ್ನು ಮತ್ತೆ ತರಲು ಕಮಿಟಿಯಲ್ಲಿ ಠರಾವು ಆಗಬೇಕು. ಬೆಂಗಳೂರಿಗೆ ಹೋಗಿರುವ ಸಭಾಪಾಲಕರು ಹಿಂದಿರುಗಿ ಜೊತೆಗೆ ಬರಬೇಕು. ಆಕೆಗೆ ಓದಿಹೇಳಲು ಒಂದು ಕ್ಷಮಾಪಣೆಯ ಪತ್ರ ಬೇಕು. ಪತ್ರ ಬರೆದೆ. ತಿದ್ದಿದೆ. ಮತ್ತೆ ಬರೆದೆ. ಜೀವಮಾನದಲ್ಲಿ ಅಷ್ಟು ಶ್ರದ್ಧೆಯಿಂದ ಯಾವುದನ್ನೂ ನಾನು ಬರೆದಿರಲಿಲ್ಲ.

ಗೆಳೆಯ ಎರಡು ಸಲ ಬಂದು ನೋಡಿಹೋದ. ಮೂರನೆಯ ಸಲ ಬಾಗಿಲಲ್ಲೇ ನಿಂತು ಕೇಳಿದ: “ಒಂದು ಲೋಟ ನೀರು ಕುಡಿಯೋಕೆ ಠರಾವು ಯಾಕಯ್ಯ? ಆಯಮ್ಮಂಗೆ ಮಾತಾಡೋಕೇ ಉಸಿರಿಲ್ಲ. ನಿನ್ನ ಪತ್ರ ಎಷ್ಟು ಹಾಳೆ?”

“ನಾಲ್ಕು.”

ಅವನು ಬಾಗಿಲಿನಿಂದಲೇ ತಿರುಗಿ ಹೊರಟುಹೋದ.

ಮೂರು ವಾರಗಳಾದವು. ಠರಾವು ಆಯಿತು. ಸಭಾಪಾಲಕರು ಬಂದರು. ಶನಿವಾರ ಬೆಳಗ್ಗೆ ಬೀರುವಿನಿಂದ ತೆಗೆದ ಬಟ್ಟಲನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, ಪತ್ರವನ್ನು ಜೇಬಿನಲ್ಲಿಟ್ಟುಕೊಂಡು, ಮೂವರೂ ರೈಲು ಹತ್ತಿದೆವು. ಶಿಡ್ಲಘಟ್ಟದಲ್ಲಿ ಇಳಿಯುವಾಗ ಗೆಳೆಯನ ಫೋನು ಸದ್ದು ಮಾಡಿತು. ಆಕೆಯ ಮಗಳು. ಅವನು “ಹೂಂ... ಹೂಂ ಕಂದ” ಎಂದಷ್ಟೇ ಹೇಳಿ ಫೋನನ್ನು ಜೇಬಿಗಿಟ್ಟ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತುಕೊಂಡ. ನನ್ನ ಕಡೆ ನೋಡದೆ, “ಬೆಳಗ್ಗೆ ಏಳು ಗಂಟೇಗಂತೆ” ಎಂದ.

ಆ ಓಣಿಗೆ ನಾನು ಹೋಗದೆ ವರ್ಷವೇ ಕಳೆದಿತ್ತು. ಮನೆಯ ಮುಂದೆ ಶೆಡ್ಡಿನ ಹೆಂಗಸರು ಕುಳಿತಿದ್ದರು. ಅವರ ಸೀರೆಗಳಿಂದ ಬರುತ್ತಿದ್ದ ಅದೇ ವಾಸನೆ ಅಂದು ನನಗೆ ಅಳು ತರಿಸಿತು. ಶೆಡ್ಡಿನ ಮಾಲೀಕರಾದ ಸಾಹೇಬರು ಗೋಡೆಗೆ ಒರಗಿ ನಿಂತಿದ್ದರು. ನನ್ನನ್ನು ಕಂಡು ಹತ್ತಿರ ಬಂದರು.

“ನಮ್ಗೆ ಬೈಯೋರು ಹೋಗ್ಬಿಟ್ರು ಮೇಷ್ಟ್ರೇ. ಹೊಗೇಲಿ ಸಾಯಿಸ್ತೀರಾ ಸಾಬ್ ಅಂತ ಎಲ್ರ ಮುಂದೆ ಅಂದಿದ್ರು. ಆ ಕಿಟಕಿ ನೋಡಿ, ಆ ವಾರಾನೇ ಗೋಡೆ ಒಡ್ಸಿ ಇಡಿಸ್ದೆ.” ಅವರು ತೋರಿಸಿದ ಕಡೆ ಶೆಡ್ಡಿನ ಗೋಡೆಯಲ್ಲಿ ಅಗಲವಾದ ಕಿಟಕಿ ಇತ್ತು. “ಮೊದ್ಲೇ ಬೈದಿದ್ರೆ ಚೆನ್ನಾಗಿತ್ತು. ಇಲ್ಲ, ಮೊದ್ಲೇ ನಂಗೇ ಕಾಣ್ಬೇಕಿತ್ತು.”

ಬೈದ ವಾರವೇ ಗೋಡೆ ಒಡೆಸಿದವರು ತಮ್ಮನ್ನು ಹೀಗೆ ನಿಂದಿಸಿಕೊಳ್ಳುತ್ತಿದ್ದರು. ನಾನು ಒಳಗೆ ಹೋದೆ.

ಮಣ್ಣು ಮಾಡಿದ್ದು ಮಧ್ಯಾಹ್ನ. ಹಿಂದಿರುಗಿ ಬಂದಾಗ ಕೋಣೆಯನ್ನು ತೊಳೆದಿದ್ದರು. ಮಗಳು ಗೋಡೆಯ ಬಳಿ ಕುಳಿತಿದ್ದವಳು ಎದ್ದು, ಕೊಡದಿಂದ ನೀರು ತುಂಬಿಸಿ ತಂದು ನನ್ನ ಕೈಗಿಟ್ಟಳು. ಅದೇ ಸ್ಟೀಲಿನ ಲೋಟ. ಅದರ ಅಂಚು ಒಂದು ಕಡೆ ಸ್ವಲ್ಪ ಸೊಟ್ಟಗಾಗಿತ್ತು. ಎಂದೂ ತುಟಿಗೆ ತಾಗಿಸದಿದ್ದುದರಿಂದ ಅದು ನನಗೆ ತಿಳಿದಿರಲಿಲ್ಲ. ತುಟಿಗಿಟ್ಟುಕೊಂಡೆ. ಕುಡಿದೆ. ನೀರು ತಣ್ಣಗಿತ್ತು.

ಹುಡುಗಿ ನೋಡುತ್ತಿದ್ದಳು. “ಅಮ್ಮ ದಿನಾ ಕೇಳೋದು,” ಎಂದಳು. “ಮೇಷ್ಟ್ರು ಬರ್ತಾರಂತಾ, ಅಣ್ಣ ಏನಾದ್ರೂ ಅಂದ್ರಾ ಅಂತ. ಬಂದ್ರೆ ಈ ಲೋಟದಲ್ಲೇ ಕೊಡ್ಬೇಕು ಅಂತ ತೊಳ್ದು ಇಡಿಸಿತ್ತು.”

“ತಪ್ಪಾಯ್ತಮ್ಮ,” ಎಂದೆ. ನಾಲ್ಕು ಹಾಳೆಯ ಪತ್ರದಲ್ಲಿ ಈ ಒಂದು ಮಾತು ಮೂರನೆಯ ಹಾಳೆಯಲ್ಲಿತ್ತು.

ಅವಳು ನನ್ನನ್ನು ಕ್ಷಮಿಸಿದೆ ಎನ್ನಲಿಲ್ಲ. ಲೋಟವನ್ನು ತೆಗೆದುಕೊಂಡು, “ಇನ್ನೊಂದ್ ಸ್ವಲ್ಪ ಕೊಡ್ಲಾ ತಾತ?” ಎಂದು ಕೇಳಿದಳು. ಕೊಡಮ್ಮ ಎಂದೆ.

ಮಾರನೆಯ ದಿನ ನಮ್ಮ ಸಭೆಯಲ್ಲಿ ಒಂದೇ ಬಟ್ಟಲು ಮತ್ತೆ ಮೇಜಿನ ಮೇಲೆ ಬಂತು. ಠರಾವು ಆಗಿತ್ತಲ್ಲ. ಅದು ಕೊನೆಯ ಬೆಂಚಿನಿಂದ ಹೊರಟು ಮುಂದಕ್ಕೆ ಬರಲಿ ಎಂದು ನಾನು ಬೇಡಿಕೊಂಡೆ, ಸಭಾಪಾಲಕರು ಒಪ್ಪಿದರು. ಎಲ್ಲರೂ ಕುಡಿದ ಮೇಲೆ ನನ್ನ ಕೈಗೆ ಬಂದಾಗ ತಳದಲ್ಲಿ ಒಂದು ಗುಟುಕು ಉಳಿದಿತ್ತು. ಅದನ್ನು ಕುಡಿದೆ. ಮೊದಲು ಕುಡಿಯಬೇಕಾದವಳು ಇರಲಿಲ್ಲ. ಅಂದು ಬೇವಿನ ಮರಕ್ಕೆ ಸುರಿಯಲು ಏನೂ ಉಳಿಯಲಿಲ್ಲ. ಉಳಿದಿದ್ದರೆ ಚೆನ್ನಾಗಿತ್ತೆಂದು, ಕೊನೆಯ ಬೆಂಚಿನಲ್ಲಿ ಆಕೆ ಕೈ ಮಡಿಲಲ್ಲಿಟ್ಟು ಕುಳಿತಿದ್ದರೂ ಸಾಕಿತ್ತೆಂದು ನನಗನ್ನಿಸಿತು.

ಶನಿವಾರಗಳಂದು ಈಗಲೂ ಹೋಗುತ್ತೇನೆ, ಪ್ರಶ್ನೆ ಕೇಳುತ್ತೇನೆ. ಯಾರಾದರೂ ತಪ್ಪು ಹೇಳಿದರೆ ನನ್ನಲ್ಲಿ ಮೊದಲು ಏಳುವುದು ಇವತ್ತಿಗೂ ಉತ್ತರವೇ. ಆಗ ಕೈಯಲ್ಲಿರುವ ಲೋಟವನ್ನು ತುಟಿಗಿಟ್ಟುಕೊಳ್ಳುತ್ತೇನೆ. ಕುಡಿಯುವಷ್ಟು ಹೊತ್ತಾದರೂ ಮಾತಾಡಲಾಗುವುದಿಲ್ಲ. ಪತ್ರ ನನ್ನ ಪೆಟ್ಟಿಗೆಯಲ್ಲಿದೆ. ಅದನ್ನು ಯಾರಿಗೂ ಓದಿಹೇಳಿಲ್ಲ.

ಅಂಜದೆ ಹೇಳಿದ ಆ ತಾಯಿಗೆ, ಕರ್ತನ ಮೇಜಿನಲ್ಲಿ ಮೊದಲ ಸ್ಥಾನ ದೊರೆಯಲಿ. ತೊಳೆದಿಟ್ಟ ಲೋಟವನ್ನು ನನ್ನ ಕೈಗೇ ಕೊಟ್ಟ ಮಗಳ ಬಾಳು ತಂಪಾಗಿರಲಿ. ಉರಿದುಕೊಂಡೇ ಬೋಲ್ಟು ಬಿಗಿದ ನನ್ನ ಗೆಳೆಯನಿಗೆ ಹಸಿವೂ ಊಟವೂ ಎಂದಿಗೂ ಒಟ್ಟಿಗೇ ಇರಲಿ. ಗೋಡೆ ಒಡೆಸಿದ ಸಾಹೇಬರ ಶೆಡ್ಡಿಗೆ ಗಾಳಿ ಬೆಳಕು ತುಂಬಲಿ. ಬಾರದವರ ಪಾಲನ್ನೂ ಬಿಡದೆ ಅಳೆದಿಟ್ಟ ನನ್ನ ಹೆಂಡತಿಯ ಕೈಗೆ ಬಲವಿರಲಿ. ನನ್ನ ಪಾಠ ಕೇಳಿ ಅಂದು ತಲೆ ತಿರುಗಿಸಿ ಆಕೆಯನ್ನು ನೋಡಿದವರನ್ನೂ ದೇವರು ಕರುಣಿಸಲಿ. ಅವರನ್ನು ತಿರುಗಿಸಿದವನು ನಾನು. ಇವರೆಲ್ಲರನ್ನೂ ಒಂದೇ ಬಟ್ಟಲಿಗೆ ಕೂಡಿಸುವ ದಿನ, ಕೊನೆಯ ಗುಟುಕಿಗೆ ನನ್ನನ್ನೂ ಆತನು ನೆನೆಯಲಿ. ಆಮೆನ್.